ಸೆಕೆಯ ಊರಿಗೆ ಬಂದ ಹೀಟರ್

ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರು ಒಮ್ಮೊಮ್ಮೆ ನನ್ನ ಮನೆ ಜಗಲಿಗೆ ಬಂದು ಕೂರುತ್ತಾರೆ. "ಅಜ್ಜ, ನಿಮ್ ಕಾಲ್ದಗೆ ಭಾರೀ ಕಷ್ಟದ್ ಕೆಲ್ಸ ಯಾವ್ದ್?" ಎಂದು ಕೇಳುತ್ತಾರೆ. ಎಂಜಿನ್ ಇಳಿಸಿದ್ದನ್ನೋ ಗೇರ್ ಬಾಕ್ಸ್ ಬಿಚ್ಚಿದ್ದನ್ನೋ ಹೇಳುತ್ತೇನೆಂದು ಅವರು ಕಾಯುತ್ತಿರುವಾಗ ನಾನು "ಕಾರಿನ ಹೀಟರ್" ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾಘದ ಬೆಳಗಿನಲ್ಲೂ ಅಂಗಿ ಬೆನ್ನಿಗೆ ಅಂಟುವ ಊರು ನಮ್ಮದು. ಕುಂದಾಪುರದಲ್ಲಿ ಹೀಟರ್ ಅಂದರೆ ಮೀನಿಗೆ ಕೊಡೆ ಹಿಡಿದ ಹಾಗೆ ಎಂದು ಅವರಿಗೆ ಅನ್ನಿಸಿದರೆ ತಪ್ಪಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು.

ನಾನು ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ನಿವೃತ್ತಿಯ ದಿನ ಯಾರು ಹಾರ ಹಾಕಿದರು ಎಂಬುದರಿಂದ ನಿಮಗೆ ಒಂದು ನಟ್ಟಿನಷ್ಟೂ ಪ್ರಯೋಜನವಿಲ್ಲ. ತಪ್ಪು ಮಾಡಿದ್ದನ್ನು ಹೇಳುತ್ತೇನೆ. ಅದರಿಂದ ಪ್ರಯೋಜನ ಇದೆ.

ಮೊದಲು ನಮ್ಮ ಸೂರಪ್ಪ ಮೇಸ್ತ್ರಿಯ ವಿಷಯ. ಬೈಂದೂರು ಕಡೆಯವರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿ ಓಡಿಸುತ್ತಿದ್ದರಲ್ಲ, ಆ ಒಲೆಗಳನ್ನು ಉರಿಸಿ ಉರಿಸಿ ಅವರ ಹುಬ್ಬು ಅರ್ಧ ಸುಟ್ಟುಹೋಗಿತ್ತು. ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ಇನ್ನೊಂದು ತುದಿಯನ್ನು ಎಂಜಿನ್ನಿಗೆ ತಾಗಿಸಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ಹೆಚ್ಚು ಬೈಯುವವರಲ್ಲ. ಅವರ ಶಿಕ್ಷೆಯ ದಾರಿಯೇ ಬೇರೆ.

ಒಮ್ಮೆ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನ ಎಣ್ಣೆ ಬದಲಿಸಿ, ಅಡಿಯ ನಟ್ಟನ್ನು ಕೈಯಲ್ಲಿ ತಿರುಗಿಸಿದವನು ಸ್ಪ್ಯಾನರ್ ಹಾಕುವುದನ್ನು ಮರೆತೆ. ಬಸ್ಸು ಕೋಟೇಶ್ವರ ದಾಟುವುದರೊಳಗೆ ನಟ್ಟು ಬಿದ್ದುಹೋಗಿತ್ತು. ಡ್ರೈವರ್ ಜಾಣ, ವಾಸನೆ ಬಂದದ್ದೇ ನಿಲ್ಲಿಸಿಬಿಟ್ಟ. ಮೇಸ್ತ್ರಿಯವರು ನನ್ನ ಕೈಗೆ ಒಂದು ಖಾಲಿ ಡಬ್ಬ ಕೊಟ್ಟು, "ರಸ್ತೆ ಮೇಲೆ ಎಣ್ಣೆದ್ ಗೆರೆ ಇತ್ತ್. ಅದ್ರ ಮೇಲೆ ನಡ್ಕಂಡ್ ಹೋಗ್. ನಟ್ ಸಿಕ್ರೆ ತಕಂಡ್ ಬಾ" ಎಂದರು. ದಾರಿಯುದ್ದಕ್ಕೂ ಅಂಗಡಿಯವರು "ಎಂತ ನರಸಿಂಹ, ಇರುವೆ ಸಾಲ್ ಹುಡ್ಕ್ತ್ಯಾ?" ಎಂದು ಕೇಳಿದರು. ನಟ್ಟು ಸಿಕ್ಕಿತು. ಅಂದಿನಿಂದ ಇಂದಿನವರೆಗೆ ಮನೆಯ ನೀರಿನ ನಲ್ಲಿಯನ್ನೂ ನಾನು ಎರಡು ಸಲ ಮುಟ್ಟಿ ನೋಡುತ್ತೇನೆ.

ಇನ್ನು ಹೀಟರ್. ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ, ನಮ್ಮ ಕುಂದಾಪುರದ ಶ್ರೀಧರಯ್ಯ ಡಾಕ್ಟ್ರು ಅವನ ಹಳೆಯ ಕಾರನ್ನು ಕೊಂಡು ತಂದರು. ಒಂದು ವಾರದಲ್ಲೇ ಗ್ಯಾರೇಜಿಗೆ ಬಂತು. ಮುಂದಿನ ಸೀಟಿನ ಕೆಳಗಿನ ಚಾಪೆ ನೆನೆದು ಮುದ್ದೆಯಾಗಿತ್ತು. ಹೊರಗೆ ಉರಿಬಿಸಿಲು, ಒಳಗೆ ಚಾಪೆ ಒದ್ದೆ. ನಾನು ಕಾರಿನೊಳಗೆ ಅಂಗಾತ ಮಲಗಿ, ತಲೆಯನ್ನು ಬ್ರೇಕಿನ ಪೆಡಲಿನ ಹತ್ತಿರ ತೂರಿಸಿ ಮೇಲೆ ನೋಡಿದೆ. ಒಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಫ್ಯಾನು. ಎಂಜಿನ್ನಿನಿಂದ ಎರಡು ರಬ್ಬರ್ ಪೈಪು ನಡುವಿನ ತಗಡಿನ ಗೋಡೆ ತೂರಿ ಒಳಗೆ ಬಂದು ಅದಕ್ಕೆ ಸೇರಿದ್ದವು. ಪೆಟ್ಟಿಗೆಯೊಳಗೆ ಥೇಟ್ ರೇಡಿಯೇಟರಿನಂಥದೇ ತಾಮ್ರದ ಜಾಲಿ, ಎರಡು ಇಟ್ಟಿಗೆ ಜೋಡಿಸಿದಷ್ಟು ಗಾತ್ರದ್ದು. ಅದರಿಂದ ಬಿದ್ದ ಹನಿ ಸರಿಯಾಗಿ ನನ್ನ ಕಣ್ಣಿಗೇ ಬಿತ್ತು.

"ಮೇಸ್ತ್ರಿ, ಇದ್ರ ಹೊಟ್ಟಿಯಗೆ ಒಂದ್ ಮರಿ ರೇಡಿಯೇಟ್ರ್ ಇತ್ತ್!" ಎಂದು ಕೂಗಿದೆ.

ಮೇಸ್ತ್ರಿಯವರಿಗೆ ಗೊತ್ತಿತ್ತು. ಎಂಜಿನ್ನಿನಲ್ಲಿ ಕಾದ ನೀರು ಈ ಜಾಲಿಗೆ ಬರುತ್ತದೆ, ಫ್ಯಾನು ಅದರ ಬಿಸಿಯನ್ನು ಕಾರಿನೊಳಗೆ ಊದುತ್ತದೆ, ಚಳಿದೇಶದವರ ಸುಖ ಎಂದು ವಿವರಿಸಿದರು. "ಇಲ್ಲಿ ಯಾರಿಗ್ ಬೇಕ್ ಇದ್? ಎರಡೂ ಪೈಪ್ ಒಂದಕ್ಕೊಂದ್ ಸೇರ್ಸಿ ಬಿಗ್ದ್ ಬಿಡ್. ನೀರ್ ಒಳ್ಗ್ ಬಪ್ದೇ ಬ್ಯಾಡ" ಎಂದರು. ಅರ್ಧ ಗಂಟೆಯ ಕೆಲಸ. ಮಾಡಿ ಮುಗಿಸಿ, ಡಾಕ್ಟ್ರು ಬಂದಾಗ ಹಲ್ಲು ಕಿರಿದು ನಿಂತೆ.

ಡಾಕ್ಟ್ರು ಬಗ್ಗಿ ನೋಡಿದರು. ಮುಖ ಇಳಿದುಹೋಯಿತು.

"ಹೀಟರ್ ಕಟ್ ಮಾಡಿದ್ಯಾ? ಆ ದೊರೆ ನಂಗೆ ಮೂರ್ ಕಾರ್ ತೋರ್ಸಿದ್ದ, ನರಸಿಂಹ. ಇದ್ ಮೂರ್ರಗೂ ಹಳೇದ್. ಹೀಟರ್ ಇತ್ತ್ ಅಂತ್ಲೇ ಇದನ್ನ್ ತಂದದ್."

ನನಗೆ ಅರ್ಥವಾಗಲಿಲ್ಲ. ಅವರು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಹೇಳಿದರು. ನಾವುಂದದಲ್ಲಿ ಗಿರಿಜೆ ಎಂಬ ಹೆಂಗಸು. ಎರಡು ಸಲ ಏಳನೇ ತಿಂಗಳಿಗೇ ಹೆರಿಗೆ. ಎರಡೂ ಮಳೆಗಾಲದಲ್ಲಿ. ಮೊದಲನೆಯದು ಮನೆಯಲ್ಲೇ ಹೋಯಿತು. ಎರಡನೆಯದು ಉಸಿರಾಡುತ್ತಿತ್ತು. ಡಾಕ್ಟ್ರೇ ಅದನ್ನು ಎತ್ತಿಕೊಂಡು ಬಾಡಿಗೆ ಕಾರಿನಲ್ಲಿ ಕುಂದಾಪುರಕ್ಕೆ ಹೊರಟರು. ಗಾಳಿಮಳೆಯಲ್ಲಿ ಹೊಳೆ ದಾಟುವುದರೊಳಗೆ ಮಗು ಅವರ ಕೈಯಲ್ಲೇ ತಣ್ಣಗಾಯಿತು. "ರೋಗ ಎಂತದೂ ಇರ್ಲಿಲ್ಲೆ. ತಿಂಗ್ಳ್ ತುಂಬದ್ ಕೂಸಿಗೆ ಮೈಬಿಸಿ ಹಿಡ್ಕಂಬ್ಕೆ ಆತಿಲ್ಲೆ. ಚಳಿಗೇ ಹೋಯ್ತ್" ಎಂದರು. ಈಗ ಗಿರಿಜೆ ಮತ್ತೆ ಬಸುರಿ. ಆಷಾಢಕ್ಕೆ ಏಳು ತುಂಬುತ್ತದೆ. ಮೊದಲೇ ಕುಂದಾಪುರಕ್ಕೆ ಬಂದಿರು ಎಂದರೆ ಆ ಮನೆಯವರು ಒಪ್ಪುವುದಿಲ್ಲ, ಬಸುರಿ ಹೊಳೆ ದಾಟಬಾರದು ಎಂಬ ಕಟ್ಟು. ಹೆತ್ತ ಮೇಲೆ ದಾಟಬಹುದಂತೆ.

"ಕಟ್ಟ್ ಮುರೂಕೆ ನನ್ ಕೈಯಗ್ ಆತಿಲ್ಲೆ. ಬಿಸಿ ಕಾರ್ ತಕಂಡ್ ಹೋಪ್ಕೆ ಆತ್ತ್" ಎಂದು ಡಾಕ್ಟ್ರು ಎದ್ದರು. ನಾವು ಬೇಡವೆಂದಿದ್ದ ಆ ತಗಡಿನ ಪೆಟ್ಟಿಗೆಯನ್ನು ನೋಡಲು ನನಗೆ ನಾಚಿಕೆಯಾಯಿತು.

ಆ ಜಾಲಿಯನ್ನು ಹೊರಗೆ ತೆಗೆಯಲು ಎರಡು ದಿನ ಬೇಕಾಯಿತು. ಕಾಲು ಮೇಲೆ, ತಲೆ ಕೆಳಗೆ, ಸ್ಕ್ರೂ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಲ್ಲೇ ಹುಡುಕಬೇಕು. ಇಂದು ನೀವು ಹೊಸ ಜಾಲಿಯನ್ನೇ ತರಿಸಿ ಹಾಕುತ್ತೀರಿ. ಅಂದು ಬೊಂಬಾಯಿಗೆ ಬರೆದರೂ ಆ ಕಾರಿನ ಒಂದು ವಾಷರ್ ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಸರಿಮಾಡಬೇಕು. ಹುಡುಕಿದಾಗ ಕಂಡದ್ದು ಒಂದೇ ಒಂದು ತೂತು. ಬೆಸುಗೆ ಹಾಕಿದರೆ ಮುಗಿಯಿತು ಎಂದುಕೊಂಡೆ. ಆದರೆ ಒಳಗೆಲ್ಲ ಕಿಟ್ಟ ಕಟ್ಟಿ ನೀರು ಸರಾಗ ಹರಿಯುತ್ತಿರಲಿಲ್ಲ. ಮೇಸ್ತ್ರಿಯವರು ಎರಡು ದಿನ ಊರಲ್ಲಿರಲಿಲ್ಲ. ನನಗೆ ಬುದ್ಧಿ ಓಡಿತು.

ನಮ್ಮ ಮನೆಗಳಲ್ಲಿ ಹಬ್ಬದ ಮುಂಚಿನ ದಿನ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕುವುದನ್ನು ಹುಟ್ಟಿದಂದಿನಿಂದ ನೋಡಿದವನು ನಾನು. ತಾಮ್ರ ಅಂದರೆ ಹುಳಿ! ಅಮ್ಮನ ಭರಣಿಯಿಂದ ಮುಷ್ಟಿಗಟ್ಟಲೆ ಹಳೆಹುಳಿ ತಂದು, ನೀರಿನಲ್ಲಿ ಕುದಿಸಿ, ಜಾಲಿಯೊಳಗೆ ತುಂಬಿ ಒಂದು ದಿನ ಪೂರ್ತಿ ಬಿಟ್ಟೆ. ಸುರಿದಾಗ ಕಪ್ಪು ಕೆಸರು ಬಂತು. ನನ್ನ ಎದೆ ಉಬ್ಬಿತು. ಆಮೇಲೆ ಸಾದಾ ನೀರು ಹಾಕಿದೆ. ಒಂದು ತೂತಿನ ಬದಲು ಹತ್ತು ಕಡೆಯಿಂದ ನೀರು ಚಿಮ್ಮಿತು.

ಮೇಸ್ತ್ರಿಯವರು ಬಂದು ಜಾಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ತಾಮ್ರ ಯಾವತ್ತೋ ತಿಂದ್ ಹೋಯ್ದ್. ಒಳಗಿನ್ ಕಿಟ್ಟವೇ ತೂತ್ ಮುಚ್ಕಂಡ್ ಇತ್ತ್. ಹೆಣ್ಮಕ್ಕಳ್ ಹಂಡೆ ತಿಕ್ಕೂದ್ ಹೊರಗಿಂದ ಮಾರಾಯಾ, ನೀನ್ ಒಳ್ಗಿಂದ ತಿಕ್ಕಿದೆ" ಎಂದರು. ನನಗೆ ಅಳು ಬಂತು, ಇಪ್ಪತ್ತನಾಲ್ಕು ವರ್ಷದ ಗಂಡಸು ಗೋಡೆಯ ಕಡೆ ತಿರುಗಿ ನಿಂತೆ. ಮಳೆಗೆ ಒಂದೂವರೆ ತಿಂಗಳು ಉಳಿದಿತ್ತು. ಈ ಸಲ ಮೇಸ್ತ್ರಿಯವರು ಡಬ್ಬ ಕೊಡಲಿಲ್ಲ. "ಡಾಕ್ಟ್ರಿಗೆ ನೀನೇ ಹೇಳ್" ಎಂದರು, ಅಷ್ಟೆ. ಹೇಳಿದೆ. ಡಾಕ್ಟ್ರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಸುಟ್ಟಿತು. "ಸರಿ ಮಾಡುವವ್ರ್ ಯಾರಾರೂ ಇದ್ರಾ?" ಎಂದು ಮಾತ್ರ ಕೇಳಿದರು.

ಇದ್ದರು. ಕೋಟೇಶ್ವರದಲ್ಲಿ ಮಂಜಯ್ಯ ಆಚಾರ್ರು ಎಂಬ ತಾಮ್ರದ ಕೆಲಸದವರು. ಹಂಡೆ, ಕೊಡಪಾನ, ತಂಬಿಗೆ ಬಡಿದು ಬಡಿದು ವಯಸ್ಸಾದವರು. ಕುಲುಮೆಯ ಹೊಗೆಗೆ ಕಣ್ಣು ಮುಕ್ಕಾಲು ಹೋಗಿತ್ತು. ಕಾರನ್ನು ಅವರು ರಸ್ತೆಯಲ್ಲಿ ಹೋಗುವಾಗ ಕೇಳಿದ್ದರೇ ಹೊರತು ಒಳಗೆ ಕೂತವರಲ್ಲ. ಜಾಲಿಯನ್ನು ಅವರ ತೊಡೆಯ ಮೇಲೆ ಇಟ್ಟು, ಗಿರಿಜೆಯ ಕಥೆಯನ್ನೂ ನನ್ನ ಹುಳಿಯ ಕಥೆಯನ್ನೂ ಮುಚ್ಚುಮರೆ ಇಲ್ಲದೆ ಹೇಳಿದೆ.

ಅವರು ಹತ್ತು ಬೆರಳುಗಳಿಂದ ಅದನ್ನು ಓದಿದರು. "ತೇಪೆ ಹಾಕೂಕೆ ಆತಿಲ್ಲೆ ಮಗಾ. ಹಳೇ ಸೀರಿಗೆ ತೇಪೆ ಹಾಕಿರೆ ಪಕ್ಕದಗೆ ಹರೀತ್. ಎರಡ್ ತಲೆ ಗಟ್ಟಿ ಇತ್ತ್, ಅದ್ ಇರ್ಲಿ. ನಡುವಿನ್ ಕೊಳ್ವಿ ಎಲ್ಲಾ ಹೊಸ್ತ್ ಮಾಡ್ಕ್. ಎಷ್ಟಿತ್ತ್ ಎಣ್ಸ್" ಎಂದರು.

ಎಣಿಸಿದೆ. ಇಪ್ಪತ್ತೆರಡು. ಒಂದೊಂದೂ ಭತ್ತದ ಹುಲ್ಲಿಗಿಂತ ತುಸು ದಪ್ಪ.

ಮುಂದಿನ ಹದಿನೆಂಟು ದಿನ ನಾನು ಗ್ಯಾರೇಜಿಗೆ ಅರ್ಧ ದಿನ, ಕೋಟೇಶ್ವರಕ್ಕೆ ಅರ್ಧ ದಿನ. ನಾನು ತಿದಿ ಒತ್ತಿದೆ, ಅವರು ಮಾಡಿದರು. ಯಾರೋ ಮಾಡಿಸಲು ಹೇಳಿ ಒಯ್ಯದೇ ಬಿಟ್ಟ ಕೊಡಪಾನವೊಂದನ್ನು ಕತ್ತರಿಸಿ, ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ಮತ್ತೆ ಬಡಿದು, ಅರಳಿ ಎಲೆಯಷ್ಟು ತೆಳ್ಳಗೆ ಮಾಡಿದರು. ಆ ತಗಡನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಮುರಿದ ಕೊಡೆಯ ಕಡ್ಡಿಯೊಂದಕ್ಕೆ ಸುತ್ತಿ, ಅಂಚಿಗೆ ಅಂಚು ಮಡಚಿ ಕೊಳವೆ ಮಾಡಿದರು. ನವಸಾಗರದ ಉಪ್ಪು ಉಜ್ಜಿ, ತವರ ಕರಗಿಸಿ ಹರಿಸಿದರೆ ಬೆಸುಗೆಯ ಗೆರೆ ಎಲ್ಲಿದೆ ಎಂದು ಕಣ್ಣಿದ್ದ ನನಗೆ ಕಾಣುತ್ತಿರಲಿಲ್ಲ. ತವರ ಕರಗಿತೋ ಇಲ್ಲವೋ ಎಂಬುದನ್ನು ಅವರು ವಾಸನೆಯಿಂದ ತಿಳಿಯುತ್ತಿದ್ದರು. ನಾನು ಆಮೇಲೆ ದೊಡ್ಡ ದೊಡ್ಡ ಕಾರ್ಖಾನೆಗಳನ್ನು ನೋಡಿದ್ದೇನೆ. ಅಂಥ ಕೈ ನೋಡಿಲ್ಲ.

ಎಲ್ಲಾ ಜೋಡಿಸಿದ ಮೇಲೆ ಸೋರುತ್ತದೆಯೇ ಎಂದು ಪರೀಕ್ಷೆ. ನಾವು ಗ್ಯಾರೇಜಿನಲ್ಲಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ ಗುಳ್ಳೆ ನೋಡುತ್ತೇವೆ. ಹಾಗೆ ಮಾಡಿದೆ. ಒಂದೂ ಗುಳ್ಳೆ ಇಲ್ಲ. "ಆಯ್ತ್ ಆಚಾರ್ರೆ!" ಎಂದು ಕುಣಿದೆ.

"ಕಣ್ಣ್ ಇಪ್ಪವ್ರಿಗೆ ಅವಸರ" ಎಂದು ಅವರು ನಕ್ಕರು. ಜಾಲಿಯನ್ನು ಒರೆಸಿ ಒಣಗಿಸಿ, ಒಂದು ಬಾಯಿ ಮುಚ್ಚಿ ಇನ್ನೊಂದರಲ್ಲಿ ಸಣ್ಣಗೆ ಊದುತ್ತಿರಲು ಹೇಳಿದರು. ಅವರು ಕೆಳತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಒಂದೊಂದು ಕೊಳವೆಯ ಬೆಸುಗೆಯ ಮೇಲೂ ತುಟಿಯನ್ನು ತಾಗಿತೋ ತಾಗಲಿಲ್ಲವೋ ಎಂಬಂತೆ ಸರಿಸುತ್ತಾ ಹೋದರು. ಹದಿನಾಲ್ಕನೆಯದರಲ್ಲಿ ನಿಂತರು. "ಇಲ್ಲಿ ಒಂದಿತ್ತ್. ತಣ್ಣಗೆ ತಾಗ್ತ್." ನಾನು ನನ್ನ ತುಟಿ ಒದ್ದೆ ಮಾಡಿ ಹಿಡಿದೆ. ಏನೂ ತಾಗಲಿಲ್ಲ. ಭೂತಗನ್ನಡಿ ತಂದು ನೋಡಿದರೆ ಅಲ್ಲಿ ಸೂಜಿಮೊನೆಯ ಕಾಲುಭಾಗದ ಚುಕ್ಕೆ! ಬಿಸಿನೀರಿನ ಒತ್ತಡ ಬಿದ್ದ ದಿನ ಅದು ಬಾಯಿ ಬಿಡುತ್ತಿತ್ತು. ನನಗೆ ಆಚಾರ್ರ ಕಾಲು ಹಿಡಿಯಬೇಕು ಅನ್ನಿಸಿತು, ಹಿಡಿದೆ ಕೂಡ. "ಏಳಾ, ತಿದಿ ಒತ್ತ್" ಎಂದು ಗದರಿದರು.

ಹೊಸ ಜಾಲಿಯನ್ನು ಗ್ಯಾರೇಜಿಗೆ ತಂದಾಗ ಸೂರಪ್ಪ ಮೇಸ್ತ್ರಿಯವರು ಕೈ ಚಾಚಿದವರು ತಟ್ಟನೆ ಹಿಂದೆ ತೆಗೆದರು. ಬಾವಿಕಟ್ಟೆಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದು ಆಮೇಲೆ ಅದನ್ನು ಮುಟ್ಟಿದರು.

ಆಷಾಢ ಹಿಡಿದು ಐದಾರು ದಿನವಾಗಿತ್ತು. ಬೆಳಿಗ್ಗೆ ನಾವುಂದದಿಂದ ಗಿರಿಜೆಯ ಮೈದುನ ತೊಯ್ದು ತೊಪ್ಪೆಯಾಗಿ ಬಂದ. ಹೆರಿಗೆ ಆಗಿಹೋಗಿತ್ತು, ಏಳು ತುಂಬುವ ಮೊದಲೇ. ಡಾಕ್ಟ್ರು ಕಾರನ್ನು ನೇರ ಗ್ಯಾರೇಜಿಗೆ ತಂದು, "ನರಸಿಂಹ, ನೀನೇ ಬಿಡ್. ಅದ್ರ ಮರ್ಜಿ ನಿಂಗೇ ಗೊತ್ತಿಪ್ದ್" ಎಂದರು. ಮಳೆಗಾಳಿಗೆ ಎಂಜಿನ್ ತಣಿಯದಿರಲೆಂದು ರೇಡಿಯೇಟರಿನ ಮುಂದೆ ಗೋಣಿ ಕಟ್ಟಿ ಹೊರಟೆ.

ಮಗುವನ್ನು ಹೊರಗೆ ತಂದರು. ಹೆಣ್ಣು. ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದವೂ ಇಲ್ಲ. ಹತ್ತಿಯಲ್ಲಿ ಸುತ್ತಿ, ಮೇಲೆ ಹಳೆಯ ಸೀರೆ ಸುತ್ತಿದ್ದರು. ಪಾದ ನೀಲಿ. ಅಳುವಷ್ಟು ಶಕ್ತಿಯೂ ಇರಲಿಲ್ಲ. ಗಿರಿಜೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು, ಪಕ್ಕದಲ್ಲಿ ಡಾಕ್ಟ್ರು ಮುದುಡಿಕೊಂಡರು. ಅತ್ತೆ ಸುಬ್ಬಮ್ಮ ಮಗುವನ್ನು ಎದೆಗೆ ಒತ್ತಿಕೊಂಡು ಮುಂದೆ, ಹೀಟರಿನ ಎದುರಿಗೆ ಕುಳಿತಳು. ಗಾಜುಗಳನ್ನು ಮುಚ್ಚಿ ಫ್ಯಾನು ಹಾಕಿದೆ. ಬಚ್ಚಲೊಲೆಯ ಮುಂದೆ ಕೂತ ಹಾಗೆ ಬಿಸಿ ಬಂತು. ಸುಬ್ಬಮ್ಮ ಬೆಚ್ಚಿ, "ಅಯ್ಯೋ ದೇವ್ರೆ, ಬೆಂಕಿ ಇಲ್ದೆ ಬಿಸಿ!" ಎಂದಳು.

ಮರವಂತೆಯಲ್ಲಿ ಕಡಲು ರಸ್ತೆಯ ಮೇಲೇ ಬರುವಂತೆ ಅಬ್ಬರಿಸುತ್ತಿತ್ತು. ನನ್ನ ಅರ್ಧ ಕಣ್ಣು ರಸ್ತೆಯ ಮೇಲೆ, ಅರ್ಧ ಚಾಪೆಯ ಮೇಲೆ. ಒಂದು ಕಡೆ ಚಾಪೆಯ ಮೇಲೆ ಹನಿ ಕಂಡಿತು. ಮತ್ತೊಂದು. ಬಗ್ಗಿ ಬೆರಳಿಟ್ಟೆ. ತಣ್ಣಗಿತ್ತು. ಸುಬ್ಬಮ್ಮನ ಸೀರೆಯ ಸೆರಗಿನಿಂದ ಇಳಿದ ಮಳೆನೀರು! ಜೀವಮಾನದಲ್ಲಿ ತಣ್ಣೀರನ್ನು ಮುಟ್ಟಿ ನಾನು ಅಷ್ಟು ಸಂತೋಷಪಟ್ಟಿಲ್ಲ.

ಆಮೇಲೆ ಹೊಳೆ. ಆಗ ಸೇತುವೆ ಎಲ್ಲಿತ್ತು? ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಕಾರು ಹತ್ತಿಸಬೇಕು. ಕಡವಿನ ತಾಂಡೇಲ ನಾಗಪ್ಪ, ದೋಣಿಯವರಿಗೆಲ್ಲ ಹಿರಿಯ, ಮಳೆಯಲ್ಲಿ ನಿಂತು ತನ್ನ ಕಾನೂನು ಹೇಳಿದ:

"ಎಂಜಿನ್ ನಿಲ್ಸಿ. ಜನ ಎಲ್ಲಾ ಕೆಳಗ್ ಇಳಿನಿ."

ಅವನು ಹೇಳಿದ್ದು ಸರಿಯೇ, ಹೋಗುವಾಗ ನಾವು ಹಾಗೆಯೇ ದಾಟಿದ್ದೆವು. ಎಂಜಿನ್ ಅದುರಿದರೆ ಹಲಗೆಯ ಮೇಲೆ ಗಾಡಿ ಜಾರುತ್ತದೆ. ಕೆಂಪು ನೀರು ಸುಳಿ ಹಾಕಿ ಹರಿಯುತ್ತಿತ್ತು. ಆದರೆ ಎಂಜಿನ್ ನಿಂತರೆ ನೀರು ತಣಿಯುತ್ತದೆ, ನೀರು ತಣಿದರೆ ಕಾರು ತಣಿಯುತ್ತದೆ. ಈ ಹೊಳೆಯ ಮೇಲೆಯೇ ಹಿಂದಿನ ಮಗು ಹೋದದ್ದು. ನಾನು ಇಳಿದು ನಾಗಪ್ಪನ ಕೈ ಹಿಡಿದು ಕಾರಿನ ಬಾಗಿಲ ಸಂದಿಯಿಂದ ಒಳಗೆ ತೂರಿಸಿ ಹೀಟರಿನ ಮುಂದೆ ಹಿಡಿದೆ.

"ಇದ್ರೊಳ್ಗ್ ಒಲೆ ಇತ್ತಾ?" ಎಂದ. ಆಗ ಅವನಿಗೆ ಸುಬ್ಬಮ್ಮನ ಎದೆಯ ಮೇಲಿನ ಗಂಟು ಕಂಡಿತು. ಗಂಟು ಸಣ್ಣಗೆ ಬಾಯಿ ತೆರೆದು ಮುಚ್ಚಿತು.

ನಾಗಪ್ಪ ಕೈ ಹಿಂದೆ ತೆಗೆದು ಬಾಗಿಲು ಮುಚ್ಚಿದ. ಹೊಳೆ ಕಡೆ ಒಮ್ಮೆ ನೋಡಿದ. "ಹ್ವಾಯ್! ಬನಿ ಎಲ್ಲಾ ಇಲ್ಲಿ!" ಎಂದು ಕೂಗಿ ತನ್ನ ಜನರನ್ನು ಕರೆದ. ಚಕ್ರಗಳಿಗೆ ಕೊರಡು ಕೊಟ್ಟರು, ಹಗ್ಗ ಬಿಗಿದರು. ಹುಟ್ಟು ಮತ್ತು ಗಳ ಹಿಡಿಯಲು ಬೇಕಾದವರನ್ನು ಬಿಟ್ಟು ಉಳಿದ ಆರು ಜನ ಕಾರಿನ ಎರಡೂ ಪಕ್ಕ, ಹಲಗೆಯ ತುದಿಯಲ್ಲಿ, ನೀರಿಗೆ ಬೆನ್ನು ಕೊಟ್ಟು, ಕಾರಿಗೆ ಎದೆ ಕೊಟ್ಟು ನಿಂತರು. ನಾಗಪ್ಪ ನನಗೆ ಹೇಳಿದ: "ಎಂಜಿನ್ ನಿಲ್ಸಬ್ಯಾಡ. ಗಾಡಿ ಬಿದ್ರೆ ನಾವೂ ಬಿದ್ದೆವ್, ಆಯ್ತಲ್ದಾ?"

ನಾನು ಸೀಟಿನಲ್ಲಿ ಕುಳಿತು, ಕಾಲು ಬ್ರೇಕಿನ ಮೇಲೆ, ಎಂಜಿನ್ ಆದಷ್ಟು ಮೆಲ್ಲಗೆ. ಗಾಜಿನಾಚೆ ಆ ಆರು ಮುಖಗಳು. ಮಳೆ ಅವರ ಮೂಗಿನಿಂದ ಇಳಿಯುತ್ತಿತ್ತು, ಯಾರೂ ಕಣ್ಣು ಮಿಟುಕಿಸಲಿಲ್ಲ. ನಡುಹೊಳೆಯಲ್ಲಿ ಜಂಗಲ್ ಒಮ್ಮೆ ವಾಲಿತು. ಕಾರು ಒಂದು ಗೇಣು ಜಾರಿತು. ಆರು ಎದೆಗಳು ಒಟ್ಟಿಗೆ "ಹಂ" ಎಂದವು. ನಿಂತಿತು. ನಾನು ದೇವರನ್ನು ಹೆಚ್ಚು ಕರೆಯುವವನಲ್ಲ. ಅಂದು ನೋಡಿದ್ದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಆಚೆ ದಡ ಹತ್ತಿಸಿದ ಮೇಲೆ ನಾಗಪ್ಪ ಕೈಬೀಸಿ ದೋಣಿ ತಿರುಗಿಸಿದ.

ಡಾಕ್ಟ್ರ ಆಸ್ಪತ್ರೆ ಎಂದರೆ ಹೆಂಚಿನ ಮನೆಯ ಎರಡು ಕೋಣೆ. ಗಿರಿಜೆಯನ್ನು ಒಳಗೆ ಮಲಗಿಸಿದರು. ಕೋಣೆಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗೆ ಮಾಡುವವರೆಗೆ ಮಗು ಕಾರಿನಲ್ಲೇ ಇರಬೇಕಾಯಿತು. ಮಾಡಿನ ಅಂಚಿನಡಿ ಕಾರು ನಿಲ್ಲಿಸಿ ಎಂಜಿನ್ ಓಡಿಸುತ್ತಲೇ ಕುಳಿತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಸುಬ್ಬಮ್ಮನ ರವಿಕೆ ತೊಯ್ದಿತ್ತು. ಒಮ್ಮೆ ಆಕೆ ಸೀರೆಯ ಮಡಿಕೆ ಸರಿಸಿ ತೋರಿಸಿದಳು, ಪಾದದ ನೀಲಿ ಇಳಿದಿತ್ತು. ಮತ್ತೆ ಡಾಕ್ಟ್ರು ಬಂದು ಸುಬ್ಬಮ್ಮನನ್ನೂ ಮಗುವನ್ನೂ ಒಳಗೆ ಕರೆದುಕೊಂಡು ಹೋದರು. ನನಗೆ ಯಾರೂ ಏನೂ ಹೇಳಲಿಲ್ಲ. ಖಾಲಿ ಕಾರಿನಲ್ಲಿ ಕೀಲಿಯ ಮೇಲೆ ಕೈ ಇಟ್ಟೆ, ತಿರುಗಿಸಲು ಧೈರ್ಯ ಬರಲಿಲ್ಲ. ಮತ್ತೆ ಬೇಕಾದರೆ? ಕೂತೇ ಇದ್ದೆ. ಮಧ್ಯಾಹ್ನವಾಯಿತು. ಪೆಟ್ರೋಲಿನ ಮುಳ್ಳು ತಳಕ್ಕೆ ಬಂತು.

ಒಳಗಿನಿಂದ ಬೆಕ್ಕಿನ ಮರಿಯದೋ ಎಂಬಂಥ ಸಣ್ಣ ಸ್ವರ ಕೇಳಿತು. ನಿಂತಿತು. ಮತ್ತೆ ಶುರುವಾಯಿತು, ಈ ಸಲ ಸಿಟ್ಟಿನಿಂದ.

ಡಾಕ್ಟ್ರು ಬಾಗಿಲಿಗೆ ಬಂದರು. ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದರು. ಮಳೆಯಲ್ಲೇ ನಡೆದುಬಂದು ಕಾರಿನ ಗಾಜಿಗೆ ಮೆಲ್ಲಗೆ ತಟ್ಟಿದರು.

"ಇನ್ನ್ ನಿಲ್ಸ್, ನರಸಿಂಹ. ಕೂಸ್ ಅದ್ರ ಮೈಬಿಸಿ ಅದೇ ಹಿಡ್ಕಂಡಿತ್."

ನಾನು ಕೀಲಿ ತಿರುಗಿಸಿದೆ.